ಮೆಲುಕು ಹಾಕದ ಕುದುರೆ

ಶಹಾಪುರದ ಅಂಚಿನ ಓಣಿಯಲ್ಲಿ ನೀಲಕಂಠನನ್ನು ಎಲ್ಲರೂ ಎತ್ತಿನ ನೀಲಕಂಠ ಎಂದೇ ಕರೆಯುತ್ತಾರೆ. ಮನೆಯಲ್ಲಿ ಈಗ ಎತ್ತುಗಳಿಲ್ಲ. ಕಾಲುವೆ ನೀರಿನ ಗದ್ದೆಗೆ ಟ್ರ್ಯಾಕ್ಟರ್ ಇಳಿದ ಮೇಲೆ ಕೊನೆಯ ಜೋಡಿಯನ್ನು ಮಾರಿ ಮೂರು ವರ್ಷವಾಯಿತು. ಆದರೂ ದನದ ಸಂತೆಗೆ ಹೋಗುವವರು ಇಂದಿಗೂ ಅವನನ್ನು ಜೊತೆಗೆ ಕರೆದೊಯ್ಯುತ್ತಾರೆ. ತುಟಿ ಎತ್ತಿ ಒಮ್ಮೆ ನೋಡಿದರೆ ಸಾಕು, ನಾಲ್ಕು ಹಲ್ಲೋ, ಆರು ಹಲ್ಲೋ, ಹಲ್ಲೆಲ್ಲ ಬಂದು ಬಾಯಿಗೂಡಿದ ಎತ್ತೋ ಹೇಳಿಬಿಡುತ್ತಾನೆ. ಅಂಥವನ ತಿಳಿವಳಿಕೆಯನ್ನೆಲ್ಲ ಅರವತ್ತೆಂಟನೆಯ ವಯಸ್ಸಿನಲ್ಲಿ ಒಂದು ಮುದಿ ಕುದುರೆ ಕಲಸಿಬಿಟ್ಟಿತು.

ಕುದುರೆ ಪಕ್ಕದ ಮನೆಯ ಖಾಸಿಂಬೀಯದು. ಬೂದು ಬಣ್ಣದ ಹೆಣ್ಣು, ಹೆಸರು ಸಬ್ಜಾ. ಖಾಸಿಂಬೀಯ ಗಂಡ ಅದನ್ನು ಟಾಂಗಾಕ್ಕೆ ಹೂಡಿದ, ಟಾಂಗಾ ನಿಂತ ಮೇಲೆ ಸುರಪುರ, ಯಾದಗಿರಿಯ ಮದುವೆಗಳಲ್ಲಿ ಅದರ ಮೇಲೆ ಮದುಮಕ್ಕಳನ್ನು ಕೂರಿಸಿದ. ಗಂಡ ತೀರಿಕೊಂಡ ನಂತರ ಖಾಸಿಂಬೀ ಅದನ್ನು ಯಾವ ಕೆಲಸಕ್ಕೂ ಕಳಿಸದೆ ಸಾಕಿಕೊಂಡಿದ್ದಳು. ಮಗಳ ಬಾಣಂತನಕ್ಕೆ ಯಾದಗಿರಿಗೆ ಹೋಗಬೇಕಾದಾಗ ಹಗ್ಗವನ್ನು ನೀಲಕಂಠನ ಕೈಗಿಟ್ಟಳು.

"ಅವರು ಬಿಟ್ಟು ಹೋದ ಜೀವ ಇದೊಂದ ಅದ ಅಣ್ಣಾ. ನಾ ಬರೂತನಕ ಉಳಿಸಿಕೊಡ್ರಿ."

"ನನ್ನ ಕೈಯಾಗ ಒಂದ ದನಾನೂ ಸತ್ತಿಲ್ಲ ತಂಗಿ. ಹೋಗಿ ಬಾ."

ಅವಳ ಬಸ್ಸು ಹೋದ ಮೇಲೆ ಹೆಂಡತಿ ಗೊಲ್ಲಾಳಮ್ಮ ಬಾಗಿಲಿಗೆ ಬಂದಳು. "ಅದು ದನ ಅಲ್ಲ ಅಲ್ರಿ, ಕುದುರಿ."

"ನಾಲ್ಕು ಕಾಲು ಅದಾವಿಲ್ಲ?"

"ನಮ್ಮ ಮಂಚಕ್ಕೂ ನಾಲ್ಕ ಅದಾವ."

ನೀಲಕಂಠ ಎತ್ತುಗಳಿಗೆ ಹಾಕುತ್ತಿದ್ದಂತೆಯೇ ಮೇವಿನ ಗೋದಲಿಗೆ ಜೋಳದ ಒಣದಂಟಿನ ಕಣಿಕೆ ಹಾಕಿದ. ಮಧ್ಯಾಹ್ನ ಎದುರಿಗೆ ಕುಕ್ಕರಗಾಲಲ್ಲಿ ಕೂತು ಅದು ಮೆಲುಕು ಹಾಕುವುದನ್ನು ಕಾದ. ಮೇವು ಒಳಗೆ ಹೋದ ಮೇಲೆ ಎತ್ತು ಮಲಗಿ, ಕಣ್ಣು ಅರೆ ಮುಚ್ಚಿ ಮೆಲುಕು ಹಾಕಿದರೆ ಎಲ್ಲ ಸರಿಯಿದೆ ಎಂದು ಅರ್ಥ. ಸಬ್ಜಾ ಮಲಗಲೂ ಇಲ್ಲ, ಮೆಲುಕೂ ಹಾಕಲಿಲ್ಲ. ಮರುದಿನವೂ ಅಷ್ಟೇ. ಮೂರನೆಯ ದಿನ ಗೋದಲಿಯ ಕೆಳಗೆ ನಿಂಬೆಹಣ್ಣಿನಷ್ಟು ದಪ್ಪದ, ಅರ್ಧ ಅಗಿದ ಮೇವಿನ ಹಸಿ ಉಂಡೆಗಳು ಬಿದ್ದಿದ್ದವು. ಮೆಲುಕಿಗೆ ಬಂದದ್ದೇ ಬಾಯಿಂದ ಜಾರಿ ಬಿದ್ದಿದೆ ಎಂದುಕೊಂಡು ಅವನು ಗಾಬರಿಯಾದ. ಮೆಲುಕು ಕಳಕೊಂಡ ಎತ್ತು ಉಳಿಯುವುದು ಕಷ್ಟ.

ಅಜವಾನ, ಇಂಗು, ಬೆಲ್ಲ ಕುದಿಸಿ, ಬಿದಿರಿನ ಗೊಟ್ಟದಲ್ಲಿ ತುಂಬಿ ಕುದುರೆಯ ಬಾಯಿಗೆ ಸುರಿದ. ಅದು ಒಂದು ಕ್ಷಣ ಸುಮ್ಮನಿದ್ದು, ಅಷ್ಟನ್ನೂ ಅವನ ಮುಖದ ಮೇಲೆ ಫೂತ್ಕರಿಸಿತು. ಜಾಗ ಬಿಟ್ಟು ಸರಿಯಲಿ ಎಂದು ಎತ್ತಿಗೆ ಮಾಡುವಂತೆ ಬಾಲ ಹಿಡಿದು ತಿರುವಿದ. ಕುದುರೆ ಒದ್ದ ಏಟಿಗೆ ಪಕ್ಕದಲ್ಲಿದ್ದ ಬಕೆಟ್ಟು ಹಾರಿ ಗೊಲ್ಲಾಳಮ್ಮನ ತುಳಸಿಕಟ್ಟೆಗೆ ಬಡಿಯಿತು.

"ಈಗಾರ ತಿಳೀತೇನ್ರಿ, ದನ ಅಲ್ಲಂತ?"

ಕೊನೆಗೆ ತನಗೆ ಚೆನ್ನಾಗಿ ಗೊತ್ತಿದ್ದ ಕೆಲಸಕ್ಕೆ ಕೈಹಾಕಿದ. ತುಟಿ ಎತ್ತಿ ನೋಡಿ ಬೆರಗಾದ. ಎತ್ತಿಗೆ ಮೇಲಿನ ಮುಂದವಡೆಯಲ್ಲಿ ಹಲ್ಲೇ ಇರುವುದಿಲ್ಲ. ಇದಕ್ಕೆ ಮೇಲೂ ಕೆಳಗೂ ಉದ್ದುದ್ದನೆಯ ಹಲ್ಲುಗಳು! ಬೇಕಾದ್ದಕ್ಕಿಂತ ಎರಡು ಪಟ್ಟು ಹಲ್ಲಿರುವ ಪ್ರಾಣಿಗೆ ಹಲ್ಲಿನ ತೊಂದರೆ ಎಲ್ಲಿಂದ ಬರಬೇಕು? ಹಾಗಾದರೆ ರೋಗ ಹೊಟ್ಟೆಯಲ್ಲೇ ಇದೆ ಎಂದು ತೀರ್ಮಾನಿಸಿ ಕಣಿಕೆಯನ್ನು ಇನ್ನಷ್ಟು ಹಾಕಿದ. ಉಂಡೆಗಳೂ ಇನ್ನಷ್ಟು ಬಿದ್ದವು.

ದನದ ದವಾಖಾನೆಗೆ ಹೋಗೋಣವೆಂದು ಗೊಲ್ಲಾಳಮ್ಮ ಹೇಳಿದಳು. ಅಲ್ಲಿಯವರು ಹಟಮಾರಿ ಎತ್ತು ಬಂದರೆ ಹಿಡಿದು ಕೆಡವಲು ಇವನಿಗೇ ಹೇಳಿಕಳಿಸುತ್ತಿದ್ದರು. ಅವರ ಮುಂದೆ ಏನೂ ತಿಳಿಯದೆ ನಿಲ್ಲಲು ಅವನಿಗೆ ಮನಸ್ಸಾಗಲಿಲ್ಲ.

ದಿನಾ ಸಂಜೆ ಖಾಸಿಂಬೀಯ ಫೋನು ಬರುತ್ತಿತ್ತು. "ಮೇಯಾಕತ್ತಾಳೇನಣ್ಣಾ?"

"ಮೇಯಾಕತ್ತಾಳ."

ಅದು ಸುಳ್ಳೂ ಅಲ್ಲ. ಕುದುರೆಯ ಬಾಯಿ ದಿನವಿಡೀ ಗೋದಲಿಯಲ್ಲೇ ಇರುತ್ತಿತ್ತು. ಆದರೆ ಪಕ್ಕೆಲುಬುಗಳು ಎದ್ದು ಕಾಣತೊಡಗಿದ್ದವು. "ಇವತ್ತ ಇನ್ನೆರಡು ಕಂಡಾವ" ಎಂದು ಗೊಲ್ಲಾಳಮ್ಮ ಬೆಳಿಗ್ಗೆ ಬೆಳಿಗ್ಗೆ ವರದಿ ಕೊಡುತ್ತಿದ್ದಳು.

ಹದಿನಾಲ್ಕನೆಯ ದಿನ ಬಿಸಿಲೇರಿದಾಗ ಸಬ್ಜಾ ಕತ್ತು, ಕಾಲು ಚಾಚಿ ನೆಲಕ್ಕೆ ಅಡ್ಡವಾಗಿ ಬಿದ್ದಿತ್ತು. ಎತ್ತು ಹಾಗೆ ಬಿದ್ದರೆ ಮತ್ತೆ ಏಳುವುದಿಲ್ಲ.  ಈ ಸಲ ನೀಲಕಂಠನೇ ಖಾಸಿಂಬೀಗೆ ಫೋನು ಮಾಡಿದ.

"ತಂಗಿ, ನನ್ನ ಕೈಲೆ ಆಗಲಿಲ್ಲ. ನಿನಗ ದಿನಾ ಮುಚ್ಚಿಟ್ಟೆ. ಬಂದಾಗಿಂದ ಒಂದ ಸಲನೂ ಮೆಲುಕು ಹಾಕಿಲ್ಲ. ಈಗ ಕಾಲು ಚಾಚಿ ಬಿದ್ದಾಳ."

 ಖಾಸಿಂಬೀ ಕೇಳಿದಳು, "ಗೊರಕಿ ಹೊಡ್ಯಾಕತ್ತಾಳೇನ್ರಿ?"

ಅವನು ಬಗ್ಗಿ ಕಿವಿಗೊಟ್ಟ. "ಹೌದು."

"ಹಂಗಾರ ನಿದ್ದಿ ಹತ್ತ್ಯಾದ. ಗುರ್ತಿಲ್ಲದ ಕಡೆ ಅಕಿ ಹಂಗ ಮಲಗಂಗಿಲ್ಲ. ನಿಮ್ಮನಿ ಹೊಂದ್ಯಾದ ಅಕಿಗೆ."

"ಮತ್ತ ಮೆಲುಕು?"

"ಕುದುರಿ ಎಲ್ಲಿ ಮೆಲುಕು ಹಾಕ್ತದಣ್ಣಾ."

ನೀಲಕಂಠ ಗೋದಲಿಯ ಕೆಳಗೆ ನೋಡಿದ. "ಹಂಗಾರ ಈ ಉಂಡಿ ಎಲ್ಲಿಂದ ಬಂದವು?"

"ಉಂಡಿ ಬೀಳಾಕತ್ತಾವ?" ಈಗ ಅವಳ ದನಿ ಬದಲಾಯಿತು. "ಒಣ ಕಣಕಿ ಹಾಕೀರೇನು? ಹಿಂದಿನ ಹಲ್ಲು ಸವದು ಹೋಗ್ಯಾವ ಅಕಿವು. ಅಗೀತಾಳ, ನುಂಗಾಕ ಬರಂಗಿಲ್ಲ, ಉಗುಳ್ತಾಳ. ಉಪವಾಸ ಇದ್ದಾಳ ಅಣ್ಣಾ. ಹುರುಳಿ ಕುದಿಸಿ, ತೌಡು ನೆನಸಿ, ಅಂಬಲಿ ಹಂಗ ಮಾಡಿ ಇಡ್ರಿ."

"ಮೊದಲ ಒಂದ ಮಾತು ಹೇಳಬಾರದೇನು?"

"ಊರಿಗೆಲ್ಲ ಹಲ್ಲು ನೋಡಿ ಹೇಳಾವ್ರು ನೀವು. ನಿಮಗ ನಾ ಹಲ್ಲಿನ ಮಾತು ಹೇಳ್ಲೇನು?"

ಫೋನಿನ ಮಾತು ಕೇಳಿಸಿಕೊಂಡ ಗೊಲ್ಲಾಳಮ್ಮ ಒಳಗೆ ಆಗಲೇ ಹುರುಳಿ ಕುದಿಯಲು ಇಟ್ಟಿದ್ದಳು. ಅಂಬಲಿಯ ಬಕೆಟ್ಟು ಎದುರಿಗೆ ಬರುವಷ್ಟರಲ್ಲಿ ವಾಸನೆಗೆ ಎಚ್ಚರಗೊಂಡ ಸಬ್ಜಾ ಮುಂಗಾಲೂರಿ ಎದ್ದು ನಿಂತಿತು. ಸೊರಸೊರ ಎಂದು ಎಳೆದುಕೊಂಡು ತಿನ್ನತೊಡಗಿತು. ನೀಲಕಂಠ ನೆಲವನ್ನೇ ನೋಡುತ್ತ ನಿಂತ. ಏನೂ ಬೀಳಲಿಲ್ಲ. ಮತ್ತೆ ಫೋನು ಹಚ್ಚಿ ಹೇಳಿದ.

"ನಾಳೆ ನಾ ಬಂದುಬಿಡ್ಲೇನಣ್ಣಾ?"

"ಬ್ಯಾಡ, ಮಗಳ ಕಡೆ ಇರು." ಅವನು ಹೆಂಡತಿಗೆ ಕೇಳಿಸದಷ್ಟು ದೂರ ಸರಿದ. "ಆದರ ಕುದುರಿ ಅಂದ್ರ ಏನಂತ ಮೊದಲಿಂದ ಹೇಳು. ನನಗ ಏನೂ ಗೊತ್ತಿಲ್ಲಂತ ತಿಳಕೊಂಡ ಹೇಳು."

ಖಾಸಿಂಬೀ ಶುರು ಮಾಡಿದಳು. ಎರಡನೆಯ ಮಾತಿಗೇ ಅವನು ತಡೆದ.

"ತಡಿ ತಡಿ. ನಿಂತುಕೊಂಡ ನಿದ್ದಿ ಮಾಡ್ತದ? ಯಾಕ?"

"ಅದು ನನಗೂ ಗೊತ್ತಿಲ್ಲಣ್ಣಾ" ಎಂದಳು ಅವಳು.