ಒಂದು ಮುದ್ದೆ ಹೆಚ್ಚಿಗೆ

ಮಕ್ಕಳಿಗೆ ಚಾರ್ಟಿನಲ್ಲಿದ್ದ ಸೇಬಿನ ಚಿತ್ರ ತೋರಿಸಿ, "ಇದನ್ನು ಯಾವಾಗ ತಿನ್ನಬೇಕು?" ಎಂದು ಕೇಳಿದೆ.

"ಆಸ್ಪತ್ರೆಗೆ ಸೇರ್ಸಿದಾಗ, ಮೇಡಂ" ಎಂದ ಹಿಂದಿನ ಸಾಲಿನ ಹುಡುಗ.

ಚಾರ್ಟ್ ಸುತ್ತಿಟ್ಟೆ. ಚಳ್ಳಕೆರೆಯಿಂದ ಬಸ್ಸಿನಲ್ಲಿ ಅದನ್ನು ಮಡಿಕೆ ಬೀಳದ ಹಾಗೆ ಹಿಡಿದು ತಂದಿದ್ದೆ (ಪಕ್ಕದ ಸೀಟಿನವರ ಮೂಗಿಗೆ ಎರಡು ಸಲ ತಾಗಿಸಿ). ಕೊಂಡ್ಲಹಳ್ಳಿ ಕಡೆಯ ಒಂದು ಶಾಲೆಯಲ್ಲಿ ಹೆಡ್‌ಮಿಸ್ ಆಗಿರುವ ನನ್ನ ಗೆಳತಿಗೆ ಏಳನೇ ಕ್ಲಾಸಿನ ಮಕ್ಕಳಿಗೆ ಅಡುಗೆ ಕಲಿಸುವ ಹುಮ್ಮಸ್ಸು. ಹುಡುಗರಿಗೂ ಬಿಡುಗಡೆಯಿಲ್ಲ. "ಪೇಪರಲ್ಲಿ ಊರಿಗೆಲ್ಲ ಬುದ್ಧಿ ಹೇಳ್ತೀಯಲ್ಲ, ಇಲ್ಲೂ ಬಂದು ಹೇಳು" ಎಂದು ಕಳೆದ ಶನಿವಾರ ನನ್ನನ್ನು ಕರೆಸಿದ್ದಳು.

ಹೇಳಿದೆ. ಸೊಪ್ಪು ತಿನ್ನಿ, ಕಾಳು ತಿನ್ನಿ, ಕೈ ತೊಳೆಯಿರಿ. ಬೇಕಾದಷ್ಟೇ ಮಾಡಿ, ಬಿಸಿಯಾಗಿ ಉಣ್ಣಿ, ತಂಗಳು ತಿನ್ನಬೇಡಿ. ಮಕ್ಕಳು ತಲೆಯಾಡಿಸಿದರು. ತಲೆಯಾಡಿಸಲು ಖರ್ಚೇನು?

ಆಮೇಲೆ ಬಯಲಿನಲ್ಲಿ ಕಲ್ಲಿಟ್ಟು ಒಲೆ ಹೂಡಿದೆವು. ನಾಲ್ಕು ನಾಲ್ಕು ಮಕ್ಕಳ ಗುಂಪು. ತಲೆಗೊಂದು ರಾಗಿ ಮುದ್ದೆ, ಜೊತೆಗೆ ಸೊಪ್ಪಿನ ಸಾರು. ಹುಡುಗರ ಪಾತ್ರೆಯಲ್ಲಿ ಮುದ್ದೆಗಿಂತ ಗಂಟುಗಳೇ ಹೆಚ್ಚು. ಒಬ್ಬಳು ಮಾತ್ರ (ಹೆಸರು ಬೇಡ, ಎರಡು ಜಡೆಯ ಹುಡುಗಿ ಎನ್ನೋಣ) ಕುದಿಯುವ ಎಸರಿಗೆ ಹಿಟ್ಟು ಸುರಿದು, ಕೋಲಿನಲ್ಲಿ ತಿರುವಿ, ನುಣ್ಣಗೆ ಮುದ್ದೆ ಕಟ್ಟಿಟ್ಟಳು. ನೋಡಿದರೆ ಐದು.

"ನೀವಿರೋದು ನಾಲ್ಕೇ ಜನ ಅಲ್ವೇನಮ್ಮ?"

"ಕೈ ಅಳತೆ ಹಂಗೇ ಬಿದ್ದೈತೆ ಮೇಡಂ. ಮನೆಯಾಗೂ ನಾಕೇ ಜನ. ಅವ್ವ ಬಂದ್ರೆ ಅಂತ ದಿನಾ ಒಂದು ಹೆಚ್ಚಿಗೆ ಮಾಡ್ತೀನಿ."

ಅವ್ವ ಚಿಕ್ಕಮಗಳೂರು ಕಡೆ ಕಾಫಿ ಕೊಯ್ಲಿಗೆ ಹೋಗಿದ್ದಾಳೆ. ಸಂಕ್ರಾಂತಿಗೆ ಊರಿನ ಎಸ್‌ಟಿಡಿ ಬೂತಿಗೆ ಫೋನ್ ಮಾಡಿದ್ದಳಂತೆ.

"ಬರ್ತೀನಿ ಅಂದ್ಲು. ಯಾವತ್ತು ಅಂತ ಕೇಳಾದ್ರಾಗೆ ಕಟ್ಟಾತು. ಸಂಜೆ ಬಸ್ಸಿಗೆ ಬಂದ್ರೆ ಹಸ್ಕಂಡಿರ್ತಾಳಲ್ಲ."

ಶಿವರಾತ್ರಿ ಹತ್ತಿರ ಬಂದಿದೆ. ಅವ್ವ ಇನ್ನೂ ಬಂದಿಲ್ಲ.

"ಬರದಿದ್ದ ದಿನ ಆ ಮುದ್ದೆ?"

"ಬೆಳಿಗ್ಗೆ ಮಜ್ಜಿಗೆಗೆ ಕಿವುಚ್ಕಂಡು ನಾನೇ ಉಣ್ತೀನಿ" ಎಂದವಳು ಕೇಳಿದಳು, "ತಂಗಳು ತಿನ್ಬಾರ್ದು ಅಂದ್ರಲ್ಲ ಮೇಡಂ. ಹೆಚ್ಚಿಗೆ ಮಾಡೋದು ಬಿಟ್ಟುಬಿಡ್ಲಾ?"

ಇದಕ್ಕೆ ಯಾವ ಚಾರ್ಟಿನಲ್ಲಿ ಉತ್ತರವಿದೆ?

"ಬಿಡಬೇಡಮ್ಮ. ಮಜ್ಜಿಗೆ ಹಾಕ್ಕೊಂಡು ಉಣ್ಣು, ಏನೂ ಆಗಲ್ಲ" ಎಂದೆ. ಗೆಳತಿ ನನ್ನನ್ನು ಗುರಾಯಿಸಿದಳು. ಹುಡುಗಿ ಐದನೆಯ ಮುದ್ದೆಯನ್ನು ಡಬ್ಬಿಗೆ ಹಾಕಿಕೊಂಡು, ಸಂಜೆ ಅವ್ವ ಬಂದರೆ ಇದೇ ಆಯಿತು ಎಂದು ಬ್ಯಾಗಿನಲ್ಲಿಟ್ಟುಕೊಂಡಳು.

ವಾಪಸ್ ಬರುವಾಗ ಬಸ್ಸಿನಲ್ಲಿ ನನಗೆ ನಮ್ಮವ್ವನದೇ ನೆನಪು. ಅವ್ವ ಇದ್ದದ್ದು ಚಳ್ಳಕೆರೆ ಹತ್ತಿರದ ನನ್ನಿವಾಳ ಎಂಬ ಹಳ್ಳಿಯಲ್ಲಿ. ನಾನು ಚಳ್ಳಕೆರೆಯಲ್ಲಿ ಕೆಲಸಕ್ಕೆ ಸೇರಿದ ಮೇಲೆ, ಮನಸ್ಸು ಬಂದ ಸಂಜೆ ಹೇಳದೆ ಕೇಳದೆ ಹೋಗಿ ಬಾಗಿಲಲ್ಲಿ ನಿಲ್ಲುತ್ತಿದ್ದೆ. ಯಾವಾಗ ಹೋದರೂ ನನ್ನ ಪಾಲಿನ ಮುದ್ದೆ ಇರುತ್ತಿತ್ತು.

"ನಾನು ಬರ್ತೀನಂತ ಹೆಂಗೆ ಗೊತ್ತಾತವ್ವ?"

"ಗೊತ್ತಾಗ್ತೈತೆ. ಕೈ ತೊಳ್ಕ ಹೋಗು" ಎನ್ನುತ್ತಿದ್ದಳು.

ಹೆತ್ತ ಕರುಳಿಗೆ ಅದು ಹೇಗೋ ತಿಳಿಯುತ್ತದೆ ಎಂದು ನಾನೂ ನಂಬಿಕೊಂಡಿದ್ದೆ. (ಓದಿದವರೂ ತಮಗೆ ಹಿತವಾದದ್ದನ್ನು ಬೇಗ ನಂಬುತ್ತಾರೆ.)

ಅವ್ವ ತೀರಿಕೊಂಡು ವರ್ಷಗಳೇ ಆದವು. ಈಗ ಸ್ವಂತ ಅಣ್ಣನ ಮನೆಗೆ ಹೋಗುವುದಾದರೂ ಮೊದಲು ಫೋನ್ ಮಾಡುತ್ತೇನೆ. ನಮ್ಮ ಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ, ಕುಕ್ಕರಿಗೆ ಲೋಟದ ಲೆಕ್ಕ, ಒಂದು ಅಗುಳೂ ಉಳಿಯುವುದಿಲ್ಲ. ಆದರೂ ಹಸಿದುಕೊಂಡು ಹೋಗಿ ನಿಲ್ಲಲು ಒಂದು ಬಾಗಿಲಿರಬೇಕಿತ್ತು ಎಂದು, ಈ ವಯಸ್ಸಿನಲ್ಲೂ, ತುಂಬಾ ಆಸೆಯಾಗುತ್ತದೆ.

ನಾನು ಹೋದ ಸಂಜೆಗಳೆಲ್ಲ ನೆನಪಿವೆ. ಹೋಗದ ಸಂಜೆಗಳ ಮರುದಿನ ಬೆಳಿಗ್ಗೆ ನಮ್ಮವ್ವ ಏನು ಉಂಡಿರಬಹುದು?