ಸಿಡಿಗೆ ಹಚ್ಚಿದ ವಿಭೂತಿ

ಈ ಪ್ರಸಂಗವನ್ನು ನಾನು ಹಲವರಿಗೆ ಹೇಳಿದ್ದೇನೆ. ಹೇಳಿದಾಗಲೆಲ್ಲ ಅದರಲ್ಲಿ ಕರೆಂಟು ಹೋಗುತ್ತಿತ್ತು. ಕರೆಂಟು ಹೋಯಿತು ಅಂದರೆ ಕೇಳುವವರಿಗೆ ತಟ್ಟನೆ ಅರ್ಥವಾಗುತ್ತದೆ, ಹೇಳುವ ನನಗೂ ಸಲೀಸು. ಈಗ ಬರೆಯಲು ಕೂತಾಗ ಅದನ್ನು ತೆಗೆದುಹಾಕುತ್ತಿದ್ದೇನೆ. ಆ ದಿನ ಕರೆಂಟು ಇತ್ತು. ತಲೆಯ ಮೇಲೆ ಫ್ಯಾನು ತಿರುಗುತ್ತಿತ್ತು. ದೂರಲು ಯಾರೂ ಸಿಗದಷ್ಟು ಚೆನ್ನಾಗಿ ಕರೆಂಟು ಇತ್ತು.

ಎರಡು ಸಾವಿರದ ಆಚೀಚೆಯ ವರ್ಷಗಳು. ಕೂಡ್ಲಿಗಿಯಿಂದ ಗುಡೇಕೋಟೆ ಕಡೆಗೆ ಹೋಗುವ ದಾರಿಯ ಒಂದು ಹೈಸ್ಕೂಲಿನಲ್ಲಿ ನಾನು ವಿಜ್ಞಾನದ ಟೀಚರ್. ಶಾಲೆಗೆ ಬಂದಿದ್ದ ಕಂಪ್ಯೂಟರ್ ಒಂದೇ, ಅದರ ಜೊತೆ ಬಂದ ಪಾಠದ ಸಿಡಿಯೂ ಒಂದೇ. ಪಾಠ: ಹೃದಯ. ನನ್ನ ಒಂಬತ್ತನೇ ಕ್ಲಾಸಿನವರು ಅದನ್ನು ನೋಡಿದಷ್ಟು ಸಲ ಯಾವ ಸಿನಿಮಾವನ್ನೂ ನೋಡಿರಲಿಲ್ಲ. ಸಿಡಿಗೆ ಮೊದಲಿನಿಂದಲೂ ಒಂದು ತೊದಲಿತ್ತು. ಗಂಭೀರವಾದ ಹೆಣ್ಣುದನಿಯೊಂದು "ರಕ್ತವು ಬಲ ಹೃತ್ಕರ್ಣದಿಂದ ಬಲ ಹೃತ್ಕುಕ್ಷಿಗೆ" ಎನ್ನಲು ಹೋಗಿ "ಹೃತ್, ಹೃತ್, ಹೃತ್" ಎಂದು ನಿಂತುಬಿಡುತ್ತಿತ್ತು. ಆಗ ಮುಂದಿನ ಬೆಂಚಿನ ಹುಡುಗಿ ಎದ್ದು ಬಂದು ಮೇಜಿಗೆ ಅಂಗೈಯಿಂದ ಒಂದು ಏಟು ಬಿಡುತ್ತಿದ್ದಳು. ಪಾಠ ಮುಂದಕ್ಕೆ ಹೋಗುತ್ತಿತ್ತು. ಅದು ಅವಳ ಡ್ಯೂಟಿ.

ಆ ಕಂಪ್ಯೂಟರಿನ ಮೇಲೆ ಕೊಟ್ಟೂರಿನ ದೊಡ್ಡ ಶಾಲೆಯೊಂದರ ಕಣ್ಣಿತ್ತು. ಹಳ್ಳಿ ಶಾಲೆಯಲ್ಲಿ ಅದು ಸುಮ್ಮನೆ ಬಟ್ಟೆ ಹೊದ್ದು ಕೂತಿದೆ ಎಂದು ಯಾರೋ ಮೇಲಿನವರ ಕಿವಿಗೆ ಹಾಕಿದ್ದರು. ದಸರಾ ರಜೆ ಮುಗಿದ ದಿನವೇ ತಾಲ್ಲೂಕಿನ ಶಿಕ್ಷಣ ಇಲಾಖೆಯ ಸಾಹೇಬರು ಬಂದು ನೋಡುತ್ತಾರೆ, ಉಪಯೋಗ ಕಾಣದಿದ್ದರೆ ಸಾಗಿಸುತ್ತಾರೆ ಎಂದು ಸುದ್ದಿ ಬಂತು. ನಮ್ಮ ಹುಡುಗಿಯರನ್ನು ಕಂಪ್ಯೂಟರ್ ಕಲಿಯಲಿ ಎಂದು ಕೊಟ್ಟೂರಿಗೆ ಕಳಿಸುವ ಮನೆ ಆ ಊರಲ್ಲಿ ಒಂದೂ ಇರಲಿಲ್ಲ. ಅದು ಹೋದರೆ ಅವರ ಪಾಲಿಗೆ ಹೋದಂತೆಯೇ.

ರಜೆಗೆ ಬಿಡುವ ದಿನ ಶಾಲೆಯಲ್ಲಿ ಆಯುಧ ಪೂಜೆ. ನಮ್ಮ ಹೆಡ್‌ಮಾಸ್ತರು ಲಿಂಗಪೂಜೆ ಆಗದೆ ನೀರೂ ಮುಟ್ಟದ ಮನುಷ್ಯ. ಗ್ಲೋಬು, ಗಂಟೆ, ತಕ್ಕಡಿ, ಕಂಪ್ಯೂಟರು, ಎಲ್ಲಕ್ಕೂ ನೆನೆಸಿದ ವಿಭೂತಿಯನ್ನು ಮೂರು ಬೆರಳಲ್ಲಿ ಎಳೆದು, ನಡುವೆ ಕುಂಕುಮ ಇಡುತ್ತ ಬಂದರು. ಸಿಡಿಯನ್ನು ಎತ್ತಿಕೊಂಡು ತಿರುವಿ ನೋಡಿದರು.

"ಇದರ ಮುಖ ಯಾವ ಕಡಿರಿ, ಮೇಡಂ?" ಎಂದವರು ಉತ್ತರವನ್ನೂ ತಾವೇ ಹೇಳಿಕೊಂಡರು. "ಈ ಕಡಿ ಅಕ್ಷರ ಅದಾವು. ಅಕ್ಷರದ ಮ್ಯಾಲೆ ಬಳಿಬಾರದು. ಹೊಳಿಯೋದಽ ಮುಖ."

ನಾನು ಮಕ್ಕಳಿಗೆ ಮಂಡಕ್ಕಿ ಹಂಚುತ್ತಿದ್ದೆ. ತಿರುಗುವಷ್ಟರಲ್ಲಿ, ಕಂಪ್ಯೂಟರ್ ಓದುವ ಆ ಹೊಳೆಯುವ ಮೈಯ ಮೇಲೇ ಮೂರೆಳೆ ಬಿದ್ದಾಗಿತ್ತು. ಪೂಜೆಗಿಟ್ಟದ್ದನ್ನು ಒರೆಸುವ ಮಾತೆತ್ತಲು ಅದು ಹೊತ್ತಲ್ಲ. ರಜೆಯಿಡೀ ಸಿಡಿ ಚೆಂಡುಹೂವಿನ ಕೆಳಗೆ ಕೂತಿತ್ತು.

ಶಾಲೆ ತೆರೆದ ಬೆಳಿಗ್ಗೆ ಸೆರಗಿನ ತುದಿ ಒದ್ದೆ ಮಾಡಿಕೊಂಡು, ಊಟದ ತಟ್ಟೆ ಒರೆಸುವ ಹಾಗೆ ಸುತ್ತಲೂ ಉಜ್ಜಿದೆ. ವಿಭೂತಿ ಹೋಯಿತು, ಗೀರುಗಳು ಉಳಿದವು. ಸಾಹೇಬರು ಬಂದು ಕುರ್ಚಿಯಲ್ಲಿ ಕೂತರು. ಅವರ ಹಣೆಯ ಮೇಲೂ ಮೂರೆಳೆ. ಕಂಪ್ಯೂಟರಿನ ಪೆಟ್ಟಿಗೆಯೊಳಗೆ ಸಿಡಿ ಗರಗರ ಸುತ್ತಿತು, ಇನ್ನೊಮ್ಮೆ ಸುತ್ತಿತು, ಸುಮ್ಮನಾಯಿತು. ಪರದೆಯ ಮೇಲೆ ಏನೂ ಇಲ್ಲ.

"ಏನ್ರಿ ಮೇಡಂ, ಎದಿ ನಿಂತಹೋತೇನು?" ಎಂದರು ಸಾಹೇಬರು.

ನಾನು ನಡುಗಿದೆ ಎಂದು ಬರೆದರೆ ಇಲ್ಲಿ ಚೆನ್ನಾಗಿ ಒಪ್ಪುತ್ತದೆ. ನಡುಗಲಿಲ್ಲ. ಆ ಕ್ಲಾಸು ನನಗೆ ಗೊತ್ತಿತ್ತು.

"ಬೆಂಚು ಸರಿಸ್ರೋ," ಎಂದೆ. ಸುಣ್ಣದ ಕಡ್ಡಿಯಿಂದ ನೆಲದ ಮೇಲೆ ಹೃದಯದ ನಾಲ್ಕು ಕೋಣೆ ಬರೆದೆ. "ಇವತ್ತು ಸಿಡಿ ನೀವಽ. ಮೊದಲಿಂದ ಶುರು ಮಾಡ್ರಿ."

ಅವರು ನಿಜವಾಗಿಯೂ ಮೊದಲಿನಿಂದಲೇ ಶುರು ಮಾಡಿದರು. ಸಿಡಿಯ ಸಂಗೀತವನ್ನು ಹಿಂದಿನ ಬೆಂಚಿನವರು ಮೂಗಿನಲ್ಲೇ ನುಡಿಸಿದರು. ಕಿಟಕಿ ಪಕ್ಕದ ಹುಡುಗಿಯೊಬ್ಬಳು ಆ ಗಂಭೀರ ದನಿಯನ್ನು ಗಂಟಲಿಗೆ ತಂದುಕೊಂಡಳು. ಉಳಿದವರು ಒಬ್ಬರ ಹೆಗಲು ಒಬ್ಬರು ಹಿಡಿದು ರಕ್ತವಾಗಿ ನಡೆದರು. ಕೋಣೆಗಳ ನಡುವೆ ಇಬ್ಬಿಬ್ಬರು ತೋಳು ಅಡ್ಡ ಹಿಡಿದು ಕವಾಟವಾದರು. "ಬಲ ಹೃತ್ಕರ್ಣದಿಂದ ಬಲ..." ಎನ್ನುವಷ್ಟರಲ್ಲಿ ದನಿ ನಿಂತಿತು. "ಹೃತ್, ಹೃತ್, ಹೃತ್." ರಕ್ತವೆಲ್ಲ ಒಂಟಿಕಾಲಲ್ಲಿ ನಿಂತಿತು. ಸಾಹೇಬರು ಹೆಡ್‌ಮಾಸ್ತರ ಮುಖ ನೋಡಿದರು. ಮುಂದಿನ ಬೆಂಚಿನ ಹುಡುಗಿ ಸಾಲಿನಿಂದ ಹೊರಗೆ ಬಂದಳು, ಮೇಜಿಗೆ ಫಟ್ಟೆಂದು ಬಿಟ್ಟಳು, ಮರಳಿ ತನ್ನ ಜಾಗಕ್ಕೆ ಹೋದಳು. ರಕ್ತ ಹರಿಯಿತು.

ಸಾಹೇಬರು ಕವಾಟವಾಗಿದ್ದ ಹುಡುಗಿಯೊಬ್ಬಳ ಹತ್ತಿರ ಬಂದರು. "ಯಾಕವಾ, ಇವರನ್ನ ಹಿಂದಕ ಬಿಡವಲ್ಲಿ?"

"ಹಿಂದಕ ಬಿಟ್ಟರ ಮುಂದಕ ಹೋಗೋರು ಯಾರ್ರಿ? ಎಲ್ಲಾ ಇಲ್ಲೇ ಜಾತ್ರಿ ಆಗತೈತಿ," ಎಂದಳು, ತೋಳು ಇಳಿಸದೆ.

ಅವರು ಜೋರಾಗಿ ನಕ್ಕರು. ಗೆದ್ದೆವು ಅಂದುಕೊಂಡೆ. ಅಷ್ಟರಲ್ಲಿ ಅವರು, "ಬಾಳ ಚಲೋ ಮಾಡ್ಯಾರ್ರಿ. ಕಂಪ್ಯೂಟರ್ ಇಲ್ಲದನಽ ಇಷ್ಟು ಬರತೈತಿ ಅಂದ್ರ ನಿಮಗ್ಯಾಕ ಅದು? ಕೊಟ್ಟೂರಿಗೆ ಕಳಿಸೋಣಲ್ಲ," ಎಂದರು.

ಹೆಡ್‌ಮಾಸ್ತರ ಹಣೆಯ ವಿಭೂತಿ ಒದ್ದೆಯಾಯಿತು. ಆಗ ನಾನು ಏನಂದೆ ಎಂಬುದಕ್ಕೆ ನನ್ನ ಹತ್ತಿರ ಬೇರೆ ಬೇರೆ ಪಾಠಾಂತರಗಳಿವೆ. ಅವುಗಳಲ್ಲಿ ನಾನು ಬಹಳ ಜಾಣೆಯಾಗಿ ಕಾಣಿಸುವಂಥವನ್ನು ಬಿಟ್ಟರೆ ಉಳಿಯುವುದು ಇದು:

"ಸರ್, ಪುಸ್ತಕ ಓದಿ ಕಲ್ತಿದ್ರ ತೊದಲ್ತಿದ್ರೇನ್ರಿ? ಆ ತೊದಲು ಯಾವ ಪುಸ್ತಕದಾಗ ಐತಿ? ಆ ಸಿಡಿ ಎಷ್ಟು ಸಲ ಓಡೈತಿ ಅಂತ ಅದಽ ಹೇಳತೈತಿ."

ಅವರು ಪೆಟ್ಟಿಗೆಯಿಂದ ಸಿಡಿ ತೆಗೆಸಿ ಬೆಳಕಿಗೆ ಹಿಡಿದರು. ನಡುವಿನ ತೂತಿನ ಅಂಚಿನಲ್ಲಿ ಕುಂಕುಮ ಉಳಿದಿತ್ತು.

"ಯಾರ್ರಿ ಇದಕ್ಕ ಪೂಜಿ ಮಾಡಿದ್ದು?"

"ಅದೂ ಆಯುಧ ಅಲ್ಲೇನ್ರಿ?" ಎಂದರು ಹೆಡ್‌ಮಾಸ್ತರು, ಮೆಲ್ಲಗೆ.

"ಖರೇ. ಮುಂದಿನ ಸಲ ಸಿಡಿ ಇಡೋ ಡಬ್ಬಿಗೆ ಹಚ್ರಿ ಮಾಸ್ತರ. ಬ್ಯಾರೆ ಸಿಡಿ ಕಳಿಸ್ತೀನಿ. ಪೆಟಿಗಿ ಇಲ್ಲೇ ಇರ್ಲಿ."

ಹೊಸ ಸಿಡಿ ಬರಲು ತಿಂಗಳುಗಳೇ ಹಿಡಿದವು. ಅದೇ ಪಾಠ, ಅದೇ ದನಿ, ಗೀರಿಲ್ಲದ ಮೈ. ಹೃತ್ಕುಕ್ಷಿಗೆ ರಕ್ತ ಎಲ್ಲೂ ನಿಲ್ಲದೆ ಹೋಯಿತು. ಕ್ಲಾಸು ಮಾತ್ರ ನಿಂತಿತು. "ಹೃತ್, ಹೃತ್, ಹೃತ್" ಎಂದರು ಎಲ್ಲರೂ. ಪರದೆಯ ಮೇಲೆ ಪಾಠ ಶ್ವಾಸಕೋಶ ತಲುಪಿದಾಗ ಮುಂದಿನ ಬೆಂಚಿನ ಹುಡುಗಿ ಎದ್ದು ಬಂದು ಮೇಜಿಗೆ ಒಂದು ಬಿಟ್ಟಳು. ಆಮೇಲಷ್ಟೇ ಎಲ್ಲರೂ ಪಾಠವನ್ನು ಮುಂದಕ್ಕೆ ನೋಡಿದರು.