ಮುರುಗೆಪ್ಪ ಕೊಂಡ ಸದ್ದಿಲ್ಲದ ಕಾರು

ಪುಣೆಯ ನಿಗಡಿಯಲ್ಲಿ ನನ್ನದೊಂದು ಕಿರಾಣಿ ಅಂಗಡಿ. ತೂಗುವುದೇ ಕಸುಬಾದ್ದರಿಂದ ಯಾರಾದರೂ ತೂಕ ತಪ್ಪಿದರೆ ನನಗೆ ಸಿಟ್ಟು ಬರುತ್ತದೆ. ಮುರುಗೆಪ್ಪನ ಮೇಲೆ ಆ ಸಿಟ್ಟು ಇನ್ನೂ ಇಳಿದಿಲ್ಲ. ಅವನನ್ನು ಕಂಡರೆ ಕರುಳು ಚುರ್ ಎನ್ನುವುದೂ ಸುಳ್ಳಲ್ಲ. ಎರಡೂ ಒಂದೇ ಎದೆಯಲ್ಲಿ ಇರಬಾರದು ಎಂದು ಯಾರೂ ಬರೆದಿಟ್ಟಿಲ್ಲವಲ್ಲ.

ಅವನು ಸೇಡಂ ಕಡೆಯವನು. ಅಪ್ಪ ಅವ್ವ ಗಾರೆ ಕೆಲಸಕ್ಕೆಂದು ಪುಣೆಗೆ ಬಂದವರು. ಅವರು ಕಟ್ಟುತ್ತಿದ್ದ ಕಟ್ಟಡಗಳ ಮುಂದೆ ಮರಳಿನ ಗುಡ್ಡೆಯ ಮೇಲೆ ಆಡುತ್ತಾ ಬೆಳೆದ ಹುಡುಗ ಮೊದಲು ಟೆಂಪೋದ ಕ್ಲೀನರ್ ಆದ, ಆಮೇಲೆ ಡ್ರೈವರ್ ಆದ, ಕೊನೆಗೆ ಹಿಂಜವಾಡಿಯ ಕಂಪನಿಗಳಿಗೆ ಜನರನ್ನು ಸಾಗಿಸುವ ಸ್ವಂತ ಗಾಡಿಯ ಮಾಲಕನಾದ. ಅವನು ಓಡಿಸಲು ಕಲಿತ ಆ ಮೊದಲ ಟೆಂಪೋದ ವೇಗದ ಮುಳ್ಳು ಮುರಿದು ಹೋಗಿತ್ತಂತೆ. ಹಾಗಾಗಿ ಅವನು ಕಿವಿಯಿಂದಲೇ ಗಾಡಿ ಕಲಿತ. ಇಂಜಿನ್ನು ಗೊಣಗಿದರೆ ಗೇರು ಇಳಿಸುತ್ತಿದ್ದ, ಕಿರುಚಿದರೆ ಕಾಲು ತೆಗೆಯುತ್ತಿದ್ದ. ಮುಂದೆ ಒಳ್ಳೆಯ ಗಾಡಿಗಳು ಬಂದವು, ಮುಳ್ಳುಗಳೂ ನೆಟ್ಟಗಿದ್ದವು, ಆದರೆ ಅವನ ಕಣ್ಣು ಆ ಕಡೆ ಹೋಗಲೇ ಇಲ್ಲ. ಇಷ್ಟು ವರ್ಷದಲ್ಲಿ ಒಂದು ನಾಯಿಮರಿಗೂ ಗಾಡಿ ತಾಗಿಸಿದವನಲ್ಲ ಎಂಬುದನ್ನೂ ಹೇಳಬೇಕು.

ಹೆಂಡತಿ ಅನುಸೂಯಾ ದಿನಾ ನನ್ನ ಅಂಗಡಿಗೆ ಬರುವವಳು. ಇಬ್ಬರದೂ ನಮ್ಮ ಕಟ್ಟಡದ ಎರಡನೆಯ ಮಹಡಿಯ ಮನೆ. ಅವಳಿಗೆ ಬೇಕಾದದ್ದು ಒಂದೇ, ಹೋದ ಗಂಡ ಜೀವಂತ ಮನೆಗೆ ಬರಬೇಕು. ಡ್ರೈವರನನ್ನು ಕಟ್ಟಿಕೊಂಡವಳು ದೇವರಲ್ಲಿ ಬೇರೆ ಏನನ್ನೂ ಕೇಳುವುದಿಲ್ಲ.

ಹೋದ ವರ್ಷ ಕಂಪನಿಯವರು, ಇನ್ನು ಮುಂದೆ ಕರೆಂಟಿನ ಗಾಡಿ ಇದ್ದವರಿಗೇ ಕೆಲಸ ಎಂದರು. ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ? ಪುಣೆಯ ರಸ್ತೆಗಳಿಗೆ ಬಂದ ಆ ಗಾಡಿಗಳು ಒಂದಲ್ಲ ಒಂದು ದಿನ ನಮ್ಮ ಓಣಿಗೂ ಬರಬೇಕಾಗಿತ್ತು. ಮುರುಗೆಪ್ಪ ಕರೆಂಟಿನದರಲ್ಲೇ ಸಾದಾ ಗಾಡಿ ತಂದಿದ್ದರೆ ನಾನು ಇದನ್ನೆಲ್ಲ ಬರೆಯುತ್ತಿರಲಿಲ್ಲ. ಆದರೆ ಶೋರೂಮಿನಲ್ಲಿ ಸಾದಾ ಗಾಡಿಯ ಪಕ್ಕದಲ್ಲಿ ಇನ್ನೊಂದು ನಿಂತಿತ್ತು. ಕಪ್ಪು ಬಣ್ಣದ್ದು, ಎರಡು ಮೋಟಾರಿನದು. ನಿಂತಲ್ಲಿಂದ ನೂರರ ವೇಗ ಮುಟ್ಟಲು ನಾಲ್ಕು ಎಣಿಸುವಷ್ಟು ಹೊತ್ತು ಸಾಕು ಎಂದು ಅದನ್ನು ಮಾರುವ ದಿಗಂಬರ ಹೇಳಿದನಂತೆ. ಅಂದಿನಿಂದ ಮುರುಗೆಪ್ಪನ ಕಣ್ಣು ಬೇರೆಯಾಯಿತು. ನಲವತ್ತೆಂಟರ ಗಂಡಸು ಹೊಸದಾಗಿ ಮೀಸೆ ಬಂದವನ ಹಾಗೆ ಓಡಾಡತೊಡಗಿದ.

ಒಂದು ಮಧ್ಯಾಹ್ನ ಅಂಗಡಿಗೆ ಬಂದವನೇ ನನ್ನ ಚೀಲಗಳಿಗೆ ಕೈ ಹಾಕಿದ.

"ಸಾವಕಾರ್ರ, ಲೆಕ್ಕ ಹಾಕೂನು. ಲಾಭಕ್ಕ ತೊಗರಿ, ನುಕ್ಸಾನಕ್ಕ ಪುಟಾಣಿ."

"ನನ್ನ ಮಾಲ ಕೆಡಿಸಿ ನಿನ್ನ ಲಾಭ ನೋಡ್ತಿ ಏನು?" ಎಂದೆ. ಅವನು ಕೇಳಿಸಿಕೊಳ್ಳಲಿಲ್ಲ.

ಗಲ್ಲಾಪೆಟ್ಟಿಗೆಯ ಪಕ್ಕ ಒಂದೊಂದೇ ತೊಗರಿ ಇಟ್ಟ. ಸಿಎನ್‌ಜಿ ಪಂಪಿನ ಸಾಲಿನಲ್ಲಿ ಅರ್ಧ ದಿನ ಕಾಯುವುದು ತಪ್ಪುತ್ತದೆ. ಆಯಿಲು ಇಲ್ಲ, ಕ್ಲಚ್ಚು ಇಲ್ಲ, ಕೆಡುವ ಸಾಮಾನೇ ಕಡಿಮೆ. ಓಡಿಸುವ ಖರ್ಚು ಕಾಲು ಭಾಗಕ್ಕೆ ಇಳಿಯುತ್ತದೆ. ಇಂಥ ಗಾಡಿ ಇದ್ದರೆ ದೊಡ್ಡ ಸಾಹೇಬರನ್ನು ವಿಮಾನ ನಿಲ್ದಾಣಕ್ಕೆ ಬಿಡುವ ಕೆಲಸ ಸಿಗುತ್ತದೆ. ಆಮೇಲೆ ಪುಟಾಣಿ ಇಟ್ಟ. ಬೆಲೆ ಸಾದಾ ಗಾಡಿಯ ಒಂದೂವರೆ ಪಟ್ಟು. ವಿಮೆ ಹೆಚ್ಚು. ಭಾರಕ್ಕೂ ಎಳೆತಕ್ಕೂ ಟಯರು ಬೇಗ ಸವೆಯುತ್ತವೆ. ಜೋರು ಓಡಿಸಿದರೆ ಚಾರ್ಜು ಕರಗುತ್ತದೆ. ಪಾರ್ಕಿಂಗಿನಲ್ಲಿ ಚಾರ್ಜರ್ ಹಾಕಿಸಲು ಕಟ್ಟಡದ ಸೊಸೈಟಿಯವರ ಕಾಲು ಹಿಡಿಯಬೇಕು. ಹಿಂಜವಾಡಿಯ ದಾರಿಯಲ್ಲಿ ಎತ್ತಿನ ಬಂಡಿಯ ವೇಗವೂ ಸಿಗುವುದಿಲ್ಲವಾದ್ದರಿಂದ ನೂರರ ಮಾತು ಬರೀ ಮಾತು. ಪುಟಾಣಿಯ ಗುಂಪೇ ದೊಡ್ಡದಾಯಿತು. ಆದರೆ ಮಹಾರಾಯ ಮಾತಾಡುತ್ತಾ ಮಾತಾಡುತ್ತಾ ಪುಟಾಣಿಯನ್ನು ಬಾಯಿಗೆ ಹಾಕಿಕೊಳ್ಳುತ್ತಿದ್ದ. ಹಸಿ ತೊಗರಿಯನ್ನು ತಿನ್ನಲಾಗದು, ಅದು ಹಾಗೇ ಉಳಿಯಿತು. ಕೊನೆಗೆ ನೋಡಿದರೆ ಬರೀ ಲಾಭ.

ನನಗೆ ನಗು ಬಂತು.

"ಒಂದು ಪುಟಾಣಿ ಇಡೂದು ಮರ್ತಿ," ಎಂದೆ. "ನೀ ಕಿವಿಲಿಂದ ಗಾಡಿ ಹೊಡಿಯಾಂವ. ಆ ಗಾಡಿಗಿ ಬಾಯೇ ಇಲ್ಲ."

"ಬಾಯಿ ಇಲ್ಲದಾಕಿ ಯಾರಿಗಿ ಬ್ಯಾಡ ರೀ," ಎಂದು ಬಾಗಿಲಲ್ಲಿ ನಿಂತಿದ್ದ ಅನುಸೂಯಾಳ ಕಡೆ ನೋಡಿ ನಕ್ಕ. ಅವಳು ನಗಲಿಲ್ಲ.

ಮುಂದಿನ ಭಾನುವಾರ ಓಡಿಸಿ ನೋಡಲು ಹೋದೆವು. ಮುಂದೆ ಮುರುಗೆಪ್ಪ ಮತ್ತು ದಿಗಂಬರ, ಹಿಂದೆ ಅನುಸೂಯಾ ಮತ್ತು ನಾನು. ಊರು ದಾಟಿ ಭೋರ್ ಕಡೆಯ ದಾರಿ ಹಿಡಿದ ಮೇಲೆ ಗಾಡಿಯೊಳಗೆ ಒಂದು ಬಗೆಯ ಮೌನ ಕೂತಿತು. ದೇವರ ಕೋಣೆಯ ಮೌನವಲ್ಲ, ಹೆಣ ಇಟ್ಟ ಮನೆಯ ಮೌನ. ಮರಗಳು ಹಿಂದಕ್ಕೆ ಹಾರುತ್ತಿದ್ದವು. ಮುರುಗೆಪ್ಪ ಒಂದು ಕೈಯಲ್ಲಿ ಸ್ಟೇರಿಂಗ್ ಹಿಡಿದು ಆರಾಮಾಗಿ ಕೂತಿದ್ದ.

"ಎಟ್ಟರ ಮ್ಯಾಲ ಅದ ರೀ?" ಎಂದು ಅನುಸೂಯಾ ಕೇಳಿದಳು.

"ಅರವತ್ತು ಇರ್ಬೇಕು."

ಅವಳು ಮುಂದಕ್ಕೆ ಬಾಗಿ ಪರದೆ ನೋಡಿದಳು. ನಾನೂ ನೋಡಿದೆ. ನೂರಾ ಇಪ್ಪತ್ತೆಂಟು ಎಂದಿತ್ತು. ಅವಳ ಕೈ ನನ್ನ ಮೊಳಕೈಯನ್ನು ಹಿಡಿದುಕೊಂಡಿತು. ಅವಳು ಪರಗಂಡಸನ್ನು ಹಾಗೆ ಹಿಡಿಯುವವಳಲ್ಲ.

ಘಟ್ಟದ ಬುಡದಲ್ಲಿ ಹುಲ್ಲಿನ ಹೊರೆ ಹೊತ್ತ ಮುದುಕಿಯೊಬ್ಬಳು ದಾರಿಯ ನಡುವೆ ಬೆನ್ನು ಮಾಡಿಕೊಂಡು ನಡೆಯುತ್ತಿದ್ದಳು. ಹಿಂದೆ ಗಾಡಿ ಬರುತ್ತಿದೆ ಎಂದು ಅವಳಿಗೆ ಯಾರು ಹೇಳಬೇಕು? ಮುರುಗೆಪ್ಪ ಬ್ರೇಕು ಒತ್ತಿದ. ನಾವೆಲ್ಲ ಮುಂದಕ್ಕೆ ಬಿದ್ದೆವು. ಗಾಡಿ ಅವಳ ಹೊರೆಗೆ ತಾಗುವಷ್ಟು ಹತ್ತಿರ ನಿಂತಿತು. ಮುದುಕಿ ತಿರುಗಲೂ ಇಲ್ಲ, ಹಾಗೇ ನಡೆದುಹೋದಳು.

"ಘಾಬರೂ ನಕಾ, ಕಾಕಾ," ಎಂದು ದಿಗಂಬರ ಮರಾಠಿಯಲ್ಲಿ ಧೈರ್ಯ ಹೇಳಿ, ಬ್ರೇಕನ್ನು ಹೊಗಳಿದ. "ಬ್ರೇಕ್ ಪಾಹಿಲಾ ಕಾ? ಏಕ್ ನಂಬರ್."

ಮುರುಗೆಪ್ಪ ಬೆವರು ಒರೆಸಿಕೊಂಡು ನನ್ನ ಕಡೆ ತಿರುಗಿದ. "ಸಾವಕಾರ್ರ, ಬ್ರೇಕಿಗಿ ಒಂದು ತೊಗರಿ ಇಡ್ರಿ." ಆಗ ನನಗೆ ಬಂದ ಸಿಟ್ಟಿಗೆ ಅವನ ಕಪಾಳಕ್ಕೆ ಬಾರಿಸಬೇಕಿತ್ತು. ಬಾರಿಸಲಿಲ್ಲ. ಪರರ ಹೆಂಡತಿಯ ಎದುರು ಪರರ ಗಂಡನಿಗೆ ಬಾರಿಸುವ ಪದ್ಧತಿ ನಮ್ಮಲ್ಲಿಲ್ಲ.

ಅಂದು ಸಂಜೆ ಅವಳು ಅಂಗಡಿಯಲ್ಲೇ ಅವನನ್ನು ನಿಲ್ಲಿಸಿ ಕೇಳಿದಳು, ನಾನು ಸಾಕ್ಷಿ ಇರಲೆಂದು.

"ಸಾದಾದ್ದು ತಗೋರಿ. ಹೊಟ್ಟಿಗಿ ಅದು ಸಾಕಾಗ್ತದ. ಇದ್ರಾಗ ನೀವು ಹ್ವಾದ್ರ ನಾ ಬಾಗಲ ನೋಡ್ಕೋತ ಕುಂದ್ರಬೇಕಾಗ್ತದ."

ಅವನು ಹೇಳಿದ, "ಹಿಂಜವಾಡಿ ದಾರ್ಯಾಗ ಇರಿವಿ ಹಾಂಗ ಹರ್ದಾಡಿ ಜಲ್ಮ ಹೋತು, ಅನಸವ್ವ. ಮಂದಿನ್ನ ಅವರವರ ಜಾಗಾಕ್ಕ ಮುಟ್ಟಿಸಿದೆ. ನಾ ಎಲ್ಲಿಗೂ ಹೋಗ್ಲಿಲ್ಲ. ಒಮ್ಮೆರೆ ಓಡಬೇಕು ಅನಸ್ತದ."

ಅವನು ಹೀಗೆ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಅವಳೂ ಕೇಳಿರಲಿಲ್ಲ ಎಂದು ಕಾಣುತ್ತದೆ, ಯಾಕೆಂದರೆ ಅಲ್ಲಿಗೆ ಅವಳ ಹಟ ಮುಗಿಯಿತು. ಪಾಪ, ಒಂದು ಷರತ್ತು ಮಾತ್ರ ಹಾಕಿದಳು. "ಹಂಗಾರ ಪೂಜಾ ನಾನೇ ಮಾಡ್ತೀನಿ. ದೃಷ್ಟಿ ತೆಗಿಲಾರದೆ ಗಾಡಿ ಗೇಟ್ ದಾಟಂಗಿಲ್ಲ." ಗಂಡನಿಗೆ ಬರುವ ಕೇಡನ್ನು ತಡೆಯಲು ಅವಳ ಬಳಿ ಇದ್ದದ್ದು ಅಷ್ಟೇ.

ಗಾಡಿ ಒಂದು ಸೋಮವಾರ ಬಂತು. ದಿಗಂಬರ ಓಡಿಸಿಕೊಂಡು ಬಂದು ಗೇಟಿನ ಒಳಗೆ ಮೋರೆ ಗೇಟಿನ ಕಡೆ ಮಾಡಿ ನಿಲ್ಲಿಸಿ, ಕೀಲಿ ಕೊಟ್ಟು, ಪೇಢೆ ತಿಂದು ಹೋದ. ಬಿಸಿಲು ಚುರುಗುಟ್ಟುತ್ತಿತ್ತು. ನಾನು ಅಂಗಡಿಯ ಮೆಟ್ಟಿಲಲ್ಲಿ ನಿಂತಿದ್ದೆ.

ಡ್ರೈವರರ ಮನೆಯ ಗಾಡಿ ಪೂಜೆ ನಿಮಗೆ ಗೊತ್ತಿದ್ದರೆ ಗೊತ್ತು. ಗಾಲಿಗಳ ಕೆಳಗೆ ನಿಂಬೆಹಣ್ಣು ಇಡುತ್ತಾರೆ, ಮೋರೆಗೆ ಕುಂಕುಮ ಹಚ್ಚಿ ಕಾಯಿ ಒಡೆದು ಆರತಿ ಎತ್ತುತ್ತಾರೆ. ಆಗ ಡ್ರೈವರ್ ಒಳಗೆ ಕೂತು ಇಂಜಿನ್ನು ಚಾಲೂ ಮಾಡಿ, ನಿಂತಲ್ಲೇ ಮೂರು ಸಲ ಜೋರಾಗಿ ರೇಸು ಕೊಡುತ್ತಾನೆ. ಅದು ದೇವರಿಗೆ ಗಾಡಿಯ ನಮಸ್ಕಾರ. ಮುಂದೆ ನಿಂತವರಿಗೆ ಸರಿಯಿರಿ ಎಂಬ ಹೇಳಿಕೆಯೂ ಅದೇ. ಅನುಸೂಯಾ ಗಂಡನ ಪ್ರತಿಯೊಂದು ಗಾಡಿಗೂ ಹೀಗೇ ಆರತಿ ಎತ್ತಿದವಳು. ಸದ್ದು ಬಂದೊಡನೆ ತಟ್ಟೆ ಹಿಡಿದು ಎಡಕ್ಕೆ ಸರಿಯುತ್ತಿದ್ದಳು. ಆಮೇಲೆ ಅವನು ಗೇರು ಹಾಕಿ ನಿಂಬೆಹಣ್ಣಿನ ಮೇಲೆ ಗಾಡಿ ಹಾಯಿಸುತ್ತಿದ್ದ. ಒಂದು ಮಾತೂ ಬೇಕಾಗುತ್ತಿರಲಿಲ್ಲ.

ಆ ದಿನ ಅವಳು ಕಾಯಿ ಒಡೆದು ಆರತಿ ಎತ್ತಿದಳು. ಮುಂದಿನ ಎಡ ಗಾಲಿಯ ಕೆಳಗಿನ ನಿಂಬೆಹಣ್ಣು ಉರುಳಿ ಆಚೆ ಹೋಗಿತ್ತು, ಅದನ್ನು ಮತ್ತೆ ಒಳಗಿಡಲು ಬಾಗಿದಳು. ಒಳಗೆ ಮುರುಗೆಪ್ಪ ದಿಗಂಬರ ತೋರಿಸಿದಂತೆ ಬ್ರೇಕು ಒತ್ತಿ, ಸಣ್ಣ ಹಿಡಿಕೆಯನ್ನು ತಿರುವಿದ. ಆ ಗಾಡಿಗೆ ಚಾಲೂವೂ ಗೇರೂ ಅದೊಂದೇ. ಬಿಸಿಲಿಗೆ ಪರದೆಯ ಮೇಲೆ ಏನೂ ಕಾಣಲಿಲ್ಲ. ಕಿವಿಗೆ ಏನೂ ಕೇಳಲಿಲ್ಲ. ಕಿವಿಗೆ ಕೇಳದ ಗಾಡಿ ಅವನ ಪಾಲಿಗೆ ಬಂದ್ ಆಗಿರುವ ಗಾಡಿ. ಹೊರಗೆ ಅವಳಿಗೂ ಹಾಗೆಯೇ. ಅವನು ಬಲಗೈಯನ್ನು ಎದೆಗೂ ಹಣೆಗೂ ಮುಟ್ಟಿಸಿಕೊಂಡು, ಸದ್ದಿರದಿದ್ದರೂ ಪದ್ಧತಿ ತಪ್ಪಬಾರದೆಂದು ಬಲಗಾಲಿನಿಂದ ದೇವರಿಗೆ ಮೊದಲನೆಯ ರೇಸು ಕೊಟ್ಟ.

ಎರಡನೆಯದು ಕೊಡಬೇಕಾಗಲಿಲ್ಲ. ಗಾಡಿ ಮತ್ತು ಗೇಟಿನ ಕಂಬದ ನಡುವೆ ಅವಳಿದ್ದಳು. ನಾನು ಕೇಳಿದ ಮೊದಲ ಸದ್ದು ಆರತಿ ತಟ್ಟೆ ಕಲ್ಲಿಗೆ ಬಿದ್ದದ್ದು. ಅವಳ ಕೂಗು ಆಮೇಲೆ ಬಂತು. ನಾನು ಓಡಿದೆ. ಮುರುಗೆಪ್ಪ ಸ್ಟೇರಿಂಗ್ ಹಿಡಿದು ಕೂತೇ ಇದ್ದ. "ಚಾಲೂನೇ ಆಗಿಲ್ಲ ಅದು, ಚಾಲೂನೇ ಆಗಿಲ್ಲ," ಎನ್ನುತ್ತಿದ್ದ. ನಾನು ಕಿಟಕಿಯಿಂದ ಕೈ ಹಾಕಿ ಅವನನ್ನು ಅಲುಗಾಡಿಸಿದ ಮೇಲೆ ಗಾಡಿ ಹಿಂದಕ್ಕೆ ಸರಿಯಿತು.

ಜೀವ ಉಳಿಯಿತು. ಬಲಗಾಲನ್ನು ಮೊಣಕಾಲಿನ ಮೇಲಿಂದ ತೆಗೆಯಬೇಕಾಯಿತು, ಸೊಂಟಕ್ಕೆ ಉಕ್ಕು ಹಾಕಿದರು. ಆಸ್ಪತ್ರೆಯಲ್ಲಿ ಅವಳಿಗೆ ಎಚ್ಚರ ಬಂದಾಗ ಅವನು ಮಂಚದ ಕಬ್ಬಿಣಕ್ಕೆ ಹಣೆ ಹಚ್ಚಿ ನಿಂತಿದ್ದ.

"ಮಾರಿ ಬಿಡ್ತೀನಿ, ಅನಸವ್ವ. ಕೈ ಮುಗೀತೀನಿ, ನನಗ ಬೈ."

ಅವಳು ಬೈಯಲಿಲ್ಲ. ಚಾವಣಿ ನೋಡುತ್ತಾ ಹೇಳಿದಳು, "ಸಪ್ಪಳ ಬಂದಿದ್ರ ಸರಿತಿದ್ದೆ ರೀ."

ಆ ಮಾತು ಕೇಳಿ ನಾನು ಹೊರಗೆ ಬಂದು ಅತ್ತೆ. ಅರವತ್ತು ದಾಟಿದವನು, ನಡು ಬಾಗಿಲಲ್ಲಿ ನಿಂತು, ಯಾರು ನೋಡುತ್ತಾರೆ ಎಂಬುದೂ ಬೇಡವಾಗಿ ಅತ್ತೆ.

ಗಾಡಿ ಹೋಯಿತು. ಮುರುಗೆಪ್ಪ ಈಗ ಸಾದಾ ಗಾಡಿಯನ್ನೂ ಓಡಿಸುವುದಿಲ್ಲ, ಇನ್ನೊಬ್ಬರ ಗಾಡಿಗಳಿಗೆ ಡ್ರೈವರರನ್ನು ಗೊತ್ತು ಮಾಡಿ ಕೊಡುತ್ತಾನೆ. ಅಡುಗೆ ಅವನೇ ಮಾಡುತ್ತಾನೆ. ಅವಳನ್ನು ಎತ್ತಿ ಕೂರಿಸುತ್ತಾನೆ, ತಲೆ ಬಾಚುತ್ತಾನೆ. ಅವಳು ಅವನ ಮೇಲೆ ಸಿಟ್ಟಾದದ್ದನ್ನು ನಾನು ಕಂಡಿಲ್ಲ. ಆದರೆ ಮೊನ್ನೆ ಜೋಳದ ಹಿಟ್ಟು ಕೊಡಲು ಮೇಲೆ ಹೋಗಿದ್ದಾಗ ಅವನು ಚಹಾ ಹಿಡಿದುಕೊಂಡು ಅವಳ ಕೋಣೆಗೆ ಬಂದ. ಬಾಗಿಲಲ್ಲೇ ನಿಂತು, "ಬಂದೆ, ನಾನೇ," ಎಂದ. ಅವಳು ಅವನ ಮುಖ ನೋಡಲಿಲ್ಲ. ಮೊದಲು ಅವನ ಬಲಗಾಲು ಎಲ್ಲಿದೆ ಎಂದು ನೋಡಿದಳು, ಆಮೇಲೆ ಚಹಾಕ್ಕೆ ಕೈ ಚಾಚಿದಳು.